ಮೊದಲ 60 ಅಡಿಯ ಎಣ್ಣೆ ಲೆಕ್ಕ

ಡ್ರ್ಯಾಗ್ ರೇಸಿನ ಹಾದಿ ನೇರ, ಉದ್ದ ಸಾಮಾನ್ಯವಾಗಿ ಕಾಲು ಮೈಲಿ. ಅಂದರೆ ಸುಮಾರು 402 ಮೀಟರ್. ನೋಡುಗರು ಮೆಚ್ಚುವುದು ಗುರಿ ದಾಟುವಾಗಿನ ವೇಗವನ್ನು. ಕಾರು ಸಜ್ಜುಗೊಳಿಸುವವರ ಕಣ್ಣು ಮಾತ್ರ ಮೊದಲ 60 ಅಡಿಗೆ ಹಿಡಿದ ಸಮಯದ ಮೇಲೆ. ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಗುರಿಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಉಳಿಯುತ್ತದೆ. ಬೇಗ ಗಳಿಸಿದ ವೇಗ ಉಳಿದ ದಾರಿಯುದ್ದಕ್ಕೂ ಜೊತೆಗಿರುತ್ತದಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಆ 60 ಅಡಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತ, ಎಣ್ಣೆ ತುಂಬಿದ ಉಕ್ಕಿನ ಡಬ್ಬಿ: ಟಾರ್ಕ್ ಕನ್ವರ್ಟರ್.

ಇದು ಹುಟ್ಟಿದ್ದು ಕಾರಿಗಾಗಿ ಅಲ್ಲ. ಹಡಗಿನ ಉಗಿ ಟರ್ಬೈನ್ ಬಹಳ ವೇಗವಾಗಿ ತಿರುಗುತ್ತದೆ, ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಈ ಎರಡನ್ನೂ ಹೊಂದಿಸಲು ಜರ್ಮನಿಯ ಎಂಜಿನಿಯರ್ ಹರ್ಮಾನ್ ಫೋಟಿಂಗರ್ 1905ರಲ್ಲಿ ದ್ರವದ ಮೂಲಕ ಶಕ್ತಿ ಸಾಗಿಸುವ ಈ ಉಪಾಯಕ್ಕೆ ಪೇಟೆಂಟ್ ಪಡೆದರು. 1948ರಲ್ಲಿ ಬ್ಯೂಕ್ ಕಂಪನಿಯ ಡೈನಾಫ್ಲೋ ಗೇರ್‌ಬಾಕ್ಸ್ ಅದನ್ನು ಅಮೆರಿಕದ ಸಾಮಾನ್ಯ ಕಾರುಗಳಿಗೆ ತಂದಿತು.

ಡಬ್ಬಿಯೊಳಗೆ ರೆಕ್ಕೆಗಳಿರುವ ಮೂರು ಚಕ್ರಗಳಿವೆ. ಎಂಜಿನ್ ಜೊತೆ ತಿರುಗುವ ಇಂಪೆಲ್ಲರ್ ಎಣ್ಣೆಯನ್ನು ಎಸೆಯುತ್ತದೆ. ಗೇರ್‌ಬಾಕ್ಸಿಗೆ ಸೇರಿದ ಟರ್ಬೈನ್ ಆ ರಭಸವನ್ನು ಹಿಡಿಯುತ್ತದೆ. ಟರ್ಬೈನಿನಿಂದ ಮರಳುವ ಎಣ್ಣೆ ಇಂಪೆಲ್ಲರಿಗೆ ಎದುರಾಗಿ ಬಂದು ತಡೆಯೊಡ್ಡದಂತೆ, ಅದರ ದಿಕ್ಕು ತಿರುಗಿಸಿ ನೆರವಾಗುವಂತೆ ಮಾಡುವುದು ಮಧ್ಯದ ಸ್ಟೇಟರ್. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದೇ. ಅದಿರುವುದರಿಂದಲೇ ಕಾರು ಇನ್ನೂ ನಿಂತಿರುವಾಗ ಎಂಜಿನ್ ಕೊಟ್ಟ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು ಎರಡರಷ್ಟಾಗಿ ಗೇರ್‌ಬಾಕ್ಸ್ ಸೇರುತ್ತದೆ. ಟರ್ಬೈನಿನ ವೇಗ ಏರಿದಂತೆ ಈ ಗುಣಾಕಾರ ಇಳಿಯುತ್ತಾ ಹೋಗಿ ಒಂದಕ್ಕೆ ಬಂದು ನಿಲ್ಲುತ್ತದೆ.

ಟರ್ಬೈನ್ ಅಲುಗದಂತೆ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಒಂದು ವೇಗದವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಅದೇ ಸ್ಟಾಲ್ ಸ್ಪೀಡ್. ದಿನಬಳಕೆಯ ಕಾರಿನಲ್ಲಿ ಅದು ಸಾಮಾನ್ಯವಾಗಿ 2000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿರುತ್ತದೆ. ರೇಸಿಗೆಂದು ಕ್ಯಾಮ್ (ಕವಾಟಗಳನ್ನು ತೆರೆಯುವ ದಂಡ) ಬದಲಿಸಿದ ಎಂಜಿನ್ ಆ ವೇಗದಲ್ಲಿ ಇನ್ನೂ ದುರ್ಬಲ. ಅದರ ಟಾರ್ಕ್ ಶಿಖರ 4000 ದಾಟಿದ ಮೇಲೆ ಇರಬಹುದು. ಕನ್ವರ್ಟರ್ ಒಂದಿಷ್ಟು ಜಾರಲು, ಅಂದರೆ ಇಂಪೆಲ್ಲರ್ ಟರ್ಬೈನಿಗಿಂತ ವೇಗವಾಗಿ ತಿರುಗಲು ಬಿಟ್ಟು ಎಂಜಿನ್ನನ್ನು ಶಿಖರದ ಹತ್ತಿರಕ್ಕೆ ಏರಿಸಿದರೆ ಕಾರು ಹೊರಡುವ ಕ್ಷಣದಲ್ಲೇ ಪೂರ್ಣ ಬಲ ಸಿಗುತ್ತದೆ.

ಆಯ್ಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪೆಟ್ಟಿಗೆಯ ಮೇಲೆ ಬರೆದ ಸ್ಟಾಲ್ ಸಂಖ್ಯೆ ಆ ಕನ್ವರ್ಟರಿನ ಸ್ವಂತ ಗುಣವಲ್ಲ, ಎಂಜಿನ್ ಮತ್ತು ಕನ್ವರ್ಟರ್ ಸೇರಿ ಹುಟ್ಟಿಸುವ ಸಂಖ್ಯೆ. ಕನ್ವರ್ಟರ್ ಹೀರಿಕೊಳ್ಳುವ ಟಾರ್ಕ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 400 ನ್ಯೂಟನ್ ಮೀಟರ್ ಕೊಡುವ ಎಂಜಿನ್ ಹಿಂದೆ 2500ರಲ್ಲಿ ನಿಲ್ಲುವ ಕನ್ವರ್ಟರ್, 600 ಕೊಡುವ ಎಂಜಿನ್ ಹಿಂದೆ ಸುಮಾರು 3060ರವರೆಗೆ ಏರುತ್ತದೆ. ಹಾಗಾಗಿ ಬೇರೊಬ್ಬರ ಕಾರಿನ ಸ್ಟಾಲ್ ಸಂಖ್ಯೆ ನೋಡಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ತಯಾರಕರಿಗೆ ಕೊಡಬೇಕಾದದ್ದು ನಿಮ್ಮ ಎಂಜಿನ್ನಿನ ಟಾರ್ಕ್ ರೇಖೆ, ಕಾರಿನ ತೂಕ, ಗೇರ್ ಅನುಪಾತ ಮತ್ತು ಟೈರಿನ ಎತ್ತರ. ಟರ್ಬೊ ಇದ್ದರೆ ಅದನ್ನೂ ತಪ್ಪದೆ ಹೇಳಬೇಕು. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ, ಬಂದಂತೆ ಸ್ಟಾಲ್ ತಾನಾಗಿಯೇ ಮೇಲೇರುತ್ತದೆ.

ವ್ಯಾಸದ ಪ್ರಭಾವ ಇನ್ನೂ ದೊಡ್ಡದು. ಉಳಿದ ವಿನ್ಯಾಸ ಒಂದೇ ಆಗಿದ್ದರೆ, ಹೀರುವ ಟಾರ್ಕ್ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 11 ಇಂಚಿನಿಂದ 9 ಇಂಚಿಗೆ ಇಳಿದರೆ ಅದೇ ವೇಗದಲ್ಲಿ ಉಳಿಯುವ ಸಾಮರ್ಥ್ಯ ಸುಮಾರು 37 ಶೇಕಡಾ. ಅದೇ ಟಾರ್ಕಿಗೆ 2000 ಇದ್ದ ಸ್ಟಾಲ್ 3300ರ ಹತ್ತಿರ ಬರುತ್ತದೆ. ರೇಸ್ ಕನ್ವರ್ಟರುಗಳು ಪುಟ್ಟದಾಗಿರುವುದು ಇದಕ್ಕೇ. ಪುಟ್ಟದು ಹಗುರವೂ ಹೌದು, ಎಂಜಿನ್ ಅದನ್ನು ಬೇಗ ತಿರುಗಿಸಿಕೊಳ್ಳುತ್ತದೆ. ರೆಕ್ಕೆಗಳ ಕೋನ ಮತ್ತು ಸ್ಟೇಟರಿನ ಆಕಾರ ಬದಲಿಸಿಯೂ ಸ್ಟಾಲನ್ನು ತಿದ್ದಬಹುದು.

ಹಾಗಿದ್ದರೆ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದೇ? ಖಂಡಿತ ಅಲ್ಲ. ಚಕ್ರ ನಿಂತಿರುವಾಗ ಎಂಜಿನ್ ಕೊಡುವ ಶಕ್ತಿಯೆಲ್ಲ ಎಣ್ಣೆಯಲ್ಲಿ ಶಾಖವಾಗುತ್ತದೆ. 3000 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್ ಎಂದರೆ ಸುಮಾರು 125 ಕಿಲೋವ್ಯಾಟ್. ಕನ್ವರ್ಟರಿನಲ್ಲಿ 5 ಕಿಲೋ ಎಣ್ಣೆಯಿದ್ದರೆ ಪ್ರತಿ ಸೆಕೆಂಡಿಗೆ ಅದು ಹತ್ತು ಡಿಗ್ರಿಗೂ ಹೆಚ್ಚು ಕಾಯುತ್ತದೆ. ಆರಂಭದ ಗೆರೆಯಲ್ಲಿ ಹೆಚ್ಚು ಹೊತ್ತು ತುಳಿದು ನಿಲ್ಲಬಾರದು, ಒಳ್ಳೆಯ ಆಯಿಲ್ ಕೂಲರ್ ಇರಲೇಬೇಕು. ಟೈರಿಗೆ ಹಿಡಿತವಿಲ್ಲದಿದ್ದರೆ ಎರಡರಷ್ಟಾದ ಟಾರ್ಕ್ ಹೊಗೆಯಾಗಿ ಹೋಗುತ್ತದೆ. ಬರೀ ಕಾಲಿನ ಬ್ರೇಕ್ ಬಳಸುವವರಿಗೆ ಪೂರ್ಣ ಸ್ಟಾಲ್ ಮುಟ್ಟುವ ಮೊದಲೇ ಕಾರು ಬ್ರೇಕನ್ನು ಮೀರಿ ಮುಂದೆ ಸರಿಯಬಹುದು; ಎರಡು ಗೇರುಗಳನ್ನು ಒಟ್ಟಿಗೆ ಹಿಡಿದು ಗೇರ್‌ಬಾಕ್ಸನ್ನೇ ಬಿಗಿಯುವ ಟ್ರಾನ್ಸ್‌ಬ್ರೇಕ್ ಇದ್ದರೆ ಆ ತೊಂದರೆ ಇಲ್ಲ.

ಇನ್ನೊಂದು ನಷ್ಟ ಓಟದ ಕೊನೆಯಲ್ಲಿದೆ. ಗುರಿ ದಾಟುವಾಗಿನ ವೇಗ ಗಂಟೆಗೆ 200 ಕಿಲೋಮೀಟರ್, ಟೈರಿನ ಸುತ್ತಳತೆ 2.1 ಮೀಟರ್, ಹಿಂದಿನ ಆಕ್ಸಲ್ ಅನುಪಾತ 3.7, ಟಾಪ್ ಗೇರ್ ನೇರ (1:1) ಎಂದುಕೊಳ್ಳಿ. ಜಾರದಿದ್ದರೆ ಎಂಜಿನ್ 5870ರ ಸುತ್ತಮುತ್ತ ಇರಬೇಕು. ಮೀಟರ್ 6300 ತೋರಿದರೆ ಜಾರುವಿಕೆ ಸುಮಾರು 7 ಶೇಕಡಾ, ರೇಸ್ ಕನ್ವರ್ಟರಿಗೆ ಒಪ್ಪಬಹುದಾದ ಮಟ್ಟ. ಮೃದುವಾದ ರೇಸ್ ಟೈರುಗಳು ವೇಗದಲ್ಲಿ ಹಿಗ್ಗುವುದರಿಂದ ನಿಜವಾದ ಜಾರುವಿಕೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಲೆಕ್ಕ 15 ಶೇಕಡಾ ಹತ್ತಿರ ಬಂದರೆ ಹೊಸದನ್ನು ಕೊಳ್ಳುವ ಮೊದಲು ಈ ಅಂಕಿಗಳನ್ನೂ 60 ಅಡಿಯ ಸಮಯವನ್ನೂ ತಯಾರಕರಿಗೆ ಕಳಿಸಿ. ಡಬ್ಬಿಯನ್ನು ಕತ್ತರಿಸಿ, ಸ್ಟೇಟರ್ ಬದಲಿಸಿ, ಮತ್ತೆ ಬೆಸೆದು, ಕಡಿಮೆ ಜಾರುವಂತೆ ಅದನ್ನು ಬಿಗಿಗೊಳಿಸಲು ಸಾಧ್ಯ.