ಎರಡು ಖಡೇಬಜಾರ್: ಬೆಳಗಾವಿಯ ಓಣಿಗಳನ್ನು ಓದುವ ಬಗೆ

ಬೆಳಗಾವಿಯಲ್ಲಿ ಆಟೋ ಹತ್ತಿ "ಖಡೇಬಜಾರ್" ಅಂದರೆ ಆಟೋದವರು ತಿರುಗಿ ಕೇಳುತ್ತಾರೆ: "ಯಾವ ಖಡೇಬಜಾರ್ ರೀ? ಊರಾಗಿಂದೋ, ಶಹಾಪುರದ್ದೋ?" ಒಂದೇ ಊರಲ್ಲಿ ಒಂದೇ ಹೆಸರಿನ ಎರಡು ಪೇಟೆ ಬೀದಿ ಯಾಕೆ? ಸ್ಥಳೀಯ ಇತಿಹಾಸ ಓದಲು ಕೂತಾಗ ನಾನು ಹಿಡಿದುಕೊಂಡ ಎಳೆ ಇದು. ಶಹಾಪುರ ಹಿಂದೆ ಬೇರೆ ಊರು. ಊರಷ್ಟೇ ಅಲ್ಲ, ಬೇರೆ ರಾಜ್ಯ.

1818ರಲ್ಲಿ ಬ್ರಿಟಿಷರು ಪೇಶ್ವೆಯವರ ಕೈಯಿಂದ ಬೆಳಗಾವಿ ಕೋಟೆ ಗೆದ್ದರು. ಪಕ್ಕದ ಶಹಾಪುರ ಮಾತ್ರ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಸಾಂಗಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಇದೇ ಸ್ಥಿತಿ. ಈಗ ಕಪಿಲೇಶ್ವರ ಮೇಲ್ಸೇತುವೆ ಹತ್ತಿ ಇಳಿದರೆ ಆಯಿತು, ಶಹಾಪುರ ಬಂತು. ಆದರೆ ಆ ಕಡೆ ಇದ್ದ ನಮ್ಮ ಅಜ್ಜಿ ಕೊನೆಯವರೆಗೂ "ಬೆಳಗಾವ್ಯಾಗ ಕೆಲಸ ಐತಿ, ಹೋಗಿ ಬರ್ತೀನಿ" ಅಂತಲೇ ಮನೆ ಬಿಡುತ್ತಿದ್ದಳು. ಚಿಕ್ಕವರಿದ್ದಾಗ ನಾವು ನಗುತ್ತಿದ್ದೆವು.

ಶಹಾಪುರ, ವಡಗಾವಿ, ಖಾಸಬಾಗ ಅಂದರೆ ನೇಕಾರರ ಕಡೆ. ಇಲ್ಲಿ ದೇವಾಂಗರು ಜಾಸ್ತಿ, ಜೊತೆಗೆ ಬೇರೆ ನೇಕಾರ ಸಮುದಾಯದವರೂ ಇದ್ದಾರೆ. ಇಂಥ ಓಣಿ ನೋಡಲು ಹೋದಾಗ ಮನೆಗಿಂತ ಮೊದಲು ಬೀದಿಯ ಉದ್ದ ನೋಡಿ. ಕೈಮಗ್ಗದ ಕಾಲದಲ್ಲಿ ಸೀರೆಯ ಹಾಸನ್ನು (ಉದ್ದದ ನೂಲೆಳೆಗಳನ್ನು) ಬೆಳಿಗ್ಗೆ ಬೀದಿಯಲ್ಲೇ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲು ಏರುವುದರೊಳಗೆ ಒಣಗಿಸಬೇಕಿತ್ತು. ಆ ಕೆಲಸ ಒಬ್ಬರ ಕೈಲಿ ಆಗುವಂಥದ್ದಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರು ಬೇಕು. ಹೀಗಾಗಿ ಒಂದೇ ಕಸುಬಿನವರು ಒಂದೇ ಬೀದಿಯಲ್ಲಿ ಇರುವುದು ಬರೀ ಜಾತಿಯ ಲೆಕ್ಕ ಅಲ್ಲ, ಕೆಲಸದ ಲೆಕ್ಕವೂ ಹೌದು. ಪರೀಕ್ಷೆಯಲ್ಲಿ "ಜಾತಿವಾರು ವಸತಿ" ಅಂತ ಒಂದೇ ಸಾಲಲ್ಲಿ ಮುಗಿಸುವವರು ಇದನ್ನು ಬಿಟ್ಟೇ ಬಿಡುತ್ತಾರೆ. ಈಗ ಪವರ್‌ಲೂಮ್ ಬಂದು ಬೀದಿಯಲ್ಲಿ ಹಾಸು ಕಾಣುವುದಿಲ್ಲ, ಕಿಟಕಿಯಿಂದ ಕಟಕಟ ಸದ್ದು ಕೇಳುತ್ತದೆ.

ಇನ್ನು ಹಳೆ ಪೇಟೆ. ಇಲ್ಲಿ ಹೆಸರುಗಳ ಬಾಲ ನೋಡಿ. 'ವೇಸ್' ಅಂದರೆ ಊರಬಾಗಿಲು, ಕನ್ನಡದಲ್ಲಿ ಅಗಸಿ ಅನ್ನುತ್ತೇವಲ್ಲ, ಅದು. ಕಾಕತಿವೇಸ್ ಅಂದರೆ ಕಾಕತಿ ದಾರಿಯ ಅಗಸಿ (ಕಿತ್ತೂರು ಚೆನ್ನಮ್ಮನ ತವರು ಅದೇ ಕಾಕತಿ). ಬೋಗಾರವೇಸ್ ಅಂದರೆ ಬೋಗಾರರು ಇದ್ದ ಕಡೆಯ ಅಗಸಿ. ಬೋಗಾರರು ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆ ಮಾಡಿ ಮಾರುವವರು, ಬಹಳಷ್ಟು ಜನ ಜೈನರು. ಆ ಸರ್ಕಲ್ಲಿಗೆ ಈಗ ಧರ್ಮವೀರ ಸಂಭಾಜಿ ಚೌಕ ಅಂತ ಹೆಸರಿದೆ. ಆದರೂ ಜನರ ಬಾಯಲ್ಲಿ ಬೋಗಾರವೇಸೇ. ಕೋತವಾಲ ಗಲ್ಲಿ, ರಿಸಾಲದಾರ ಗಲ್ಲಿ ಇವೆಲ್ಲ ಹುದ್ದೆಯ ಹೆಸರುಗಳು: ಒಬ್ಬ ಊರಿನ ಕಾವಲಿನ ಮುಖ್ಯಸ್ಥ, ಇನ್ನೊಬ್ಬ ಕುದುರೆ ದಳದ ಅಧಿಕಾರಿ. 1892ರಲ್ಲಿ ಸ್ವಾಮಿ ವಿವೇಕಾನಂದರು ಬಂದು ಉಳಿದ ಮನೆ ಈ ರಿಸಾಲದಾರ ಗಲ್ಲಿಯಲ್ಲೇ ಇದೆ.

ಕೋಟೆಯ ಬಗ್ಗೆ ಪುಸ್ತಕದಲ್ಲಿ ಬೇಕಾದಷ್ಟಿದೆ, ನಾನು ಎಳೆಯುವುದಿಲ್ಲ. ಇಲ್ಲಿ ಆಳಿದ ರಟ್ಟ ಅರಸರ ಮಂತ್ರಿ ಬೀಚಿರಾಜನ ಹೆಸರು, 1204ರ ಶಾಸನ, ಕಮಲ ಬಸದಿ, ಆಮೇಲೆ ಬಿಜಾಪುರದ ಸುಲ್ತಾನರ ಸರದಾರ ಅಸದ್ ಖಾನ್ ಲಾರಿಯ ಸಫಾ ಮಸೀದಿ. ಇಷ್ಟು ನೆನಪಿರಲಿ. ಬಸದಿ, ಮಸೀದಿ ಎರಡೂ ಒಂದೇ ಕೋಟೆಯ ಕಂದಕದ ಒಳಬದಿಗೆ ಇವೆ ಅನ್ನುವುದನ್ನು ಮಾತ್ರ ಹೋಗಿ ಕಣ್ಣಾರೆ ನೋಡಿ.

ಕ್ಯಾಂಪ್ ಬೇರೆಯದೇ ಲೋಕ. ಗಲ್ಲಿಯ ಡೊಂಕು ಮುಗಿದು ರಸ್ತೆ ನೇರವಾಯಿತು, ದೊಡ್ಡ ಕಂಪೌಂಡಿನ ಬಂಗಲೆ ಕಂಡವು ಅಂದರೆ ದಂಡಿನ ಜಾಗಕ್ಕೆ ಬಂದಿರಿ ಅಂತಲೇ ಲೆಕ್ಕ. ಪಲ್ಟಣಿನ ಹಿಂದೆಯೇ ತಮಿಳರು, ಗೋವೆಯ ಕ್ರೈಸ್ತರು ಬಂದು ನೆಲೆಸಿದರು. ದಂಡಿಗೆ ರೊಟ್ಟಿ, ಬಟ್ಟೆ, ಬೂಟು ಎಲ್ಲ ಬೇಕಲ್ವಾ?

ಕೊನೆಗೆ ಟಿಳಕವಾಡಿ, ಊರು ಬೆಳೆದಾಗ ಎದ್ದ ಬಡಾವಣೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. ಊರು ಬೆಳೆಯಬೇಕು, ಜಾಗ ಬಿಡಿ ಅಂತ ಹೇಳಿಸಿಕೊಂಡು, 1910ರಲ್ಲಿ ಔಂಧ ಸಂಸ್ಥಾನದ ಕುಂಡಲಕ್ಕೆ ಹೋದರು. ಅದೇ ಇಂದಿನ ಕಿರ್ಲೋಸ್ಕರವಾಡಿ. ಇಲ್ಲೂ ಸಂಸ್ಥಾನದ ಗಡಿಯೇ ಕೆಲಸ ಮಾಡಿತು ನೋಡಿ: ಬ್ರಿಟಿಷರ ಊರಲ್ಲಿ ಸಿಗದ ಜಾಗ ರಾಜರ ಊರಲ್ಲಿ ಸಿಕ್ಕಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದೂ ಟಿಳಕವಾಡಿಯ ಕಡೆಯೇ. ಬಂದವರಿಗೆ ನೀರು ಬೇಕೆಂದು ಆಗ ತೋಡಿದ ಬಾವಿಗೆ ಪಂಪಾ ಸರೋವರ ಅಂತ ಹೆಸರಿಟ್ಟಿದ್ದರು. ಈಗ ಅದು ಕಾಂಗ್ರೆಸ್ ಬಾವಿ.

ಒಂದು ಚಿಕ್ಕ ವಿಷಯ. ಅಲ್ಲಿನ ಒಂದು ಹೈಸ್ಕೂಲಿನ ಬೋರ್ಡು ಓದಿ. ಅದರಲ್ಲಿ ಟಿಳಕವಾಡಿ ಅಂತ ಇಲ್ಲ, 'ಠಳಕವಾಡಿ' ಅಂತ ಇದೆ. ಟಿಪ್ಪಣಿ ಬರೆಯುವಾಗ ಅದನ್ನು ಅಚ್ಚಿನ ತಪ್ಪು ಅಂತ ತಿದ್ದಬೇಡಿ. ನಾನು ಒಮ್ಮೆ ತಿದ್ದಿ ಬೈಸಿಕೊಂಡಿದ್ದೇನೆ.