ಮಳೆನೆರಳು: ಘಟ್ಟ ಇಳಿದ ಗಾಳಿ ಯಾಕೆ ಅಷ್ಟು ಬಿಸಿ?

ಆಗುಂಬೆಲಿ ವರ್ಷಕ್ಕೆ 7000 ಮಿ.ಮೀ. ದಾಟೋ ಮಳೆ, ಪೂರ್ವಕ್ಕೆ 200 ಕಿ.ಮೀ. ಒಳಗೇ ಇರೋ ಚಳ್ಳಕೆರೆಲಿ 500 ಮುಟ್ಟೋದೇ ಕಷ್ಟ. ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತೆ, ತಣ್ಣಗಾಗಿ ಮಳೆ ಸುರಿಸುತ್ತೆ, ಆಚೆ ಕಡೆ ಮಳೆನೆರಳು (ಘಟ್ಟ ಅಡ್ಡ ಬಂದು ಮಳೆ ಕಮ್ಮಿ ಬೀಳೋ ಜಾಗ), ಇಷ್ಟು ಎಲ್ರಿಗೂ ಗೊತ್ತು. ತಲೆ ಕೆಡಿಸೋದು ಮುಂದಿನದು: ಹತ್ತುವಾಗ ಎಷ್ಟು ತಣ್ಣಗಾಯ್ತೋ ಇಳಿವಾಗ ಅಷ್ಟೇ ಬಿಸಿಯಾಗಿ ಲೆಕ್ಕ ಚುಕ್ತಾ ಆಗ್ಬೇಕಲ್ವಾ?

ಆಗಲ್ಲ. ಲೆಕ್ಕ ಹಾಕಿ ನೋಡಿ. ಕರಾವಳಿಲಿ ಗಾಳಿ 30 ಡಿಗ್ರಿ ಇದೆ ಅಂದ್ಕೊಳ್ಳಿ. ಮೋಡ ಕಟ್ಟೋವರೆಗೂ ಅದು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತೆ, ಅಂದ್ರೆ 500 ಮೀಟರಲ್ಲಿ 25. ಅಲ್ಲಿ ಮೋಡ ಶುರು ಆಯ್ತು ಅನ್ನಿ. ಆವಿ ನೀರಾಗುವಾಗ ತನ್ನೊಳಗಿನ ಶಾಖ ಬಿಟ್ಟುಕೊಡುತ್ತೆ (ಬೆವರು ಆರುವಾಗ ಮೈ ತಣ್ಣಗಾಗುತ್ತಲ್ಲ, ಅದರ ಉಲ್ಟಾ), ಹಾಗಾಗಿ ಇಲ್ಲಿಂದ ಕಿಲೋಮೀಟರಿಗೆ 6 ಡಿಗ್ರಿ ಅಷ್ಟೇ ಇಳಿಯೋದು. 1500 ಮೀಟರ್ ನೆತ್ತಿಲಿ 19. ಈಗ ಆಚೆ ಇಳಿಸಿ. ನೀರು ಮಳೆಯಾಗಿ ಈಚೆನೇ ಬಿದ್ದೋಯ್ತು, ಮತ್ತೆ ಆವಿಯಾಗಿ ಆ ಶಾಖ ವಾಪಸ್ ಹೀರೋಕೆ ಗಾಳಿಲಿ ಹನಿನೇ ಇಲ್ಲ, ಹಾಗಾಗಿ ಪೂರ್ತಿ 10ರ ದರದಲ್ಲೇ ಬಿಸಿಯಾಗುತ್ತೆ. 700 ಮೀಟರಿಗೆ ಬಂದಾಗ 27. ಪಶ್ಚಿಮದಲ್ಲಿ ಅದೇ ಎತ್ತರದಲ್ಲಿ 23.8 ಇತ್ತು! ಬಿಸಿಯಾದ ಗಾಳಿ ಉಳಿದ ತೇವಾನೂ ಬಿಟ್ಟುಕೊಡಲ್ಲ. ಚಿತ್ರದುರ್ಗದ ಕಡೆ ಆಷಾಢದಲ್ಲಿ ಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನುಗಳು ಗಿರ್ರ್ ಅಂತ ತಿರುಗ್ತಿರ್ತವೆ, ಮೋಡ ಓಡ್ತಿರುತ್ತೆ, ಮಳೆ ಮಾತ್ರ ಇಲ್ಲ, ಅದಕ್ಕೆ ಕಾರಣ ಇದೇ.

ಇದು ತಲೆಲಿ ಕೂತ್ರೆ ಎಲ್ಲಿ ಯಾವ ಗಿಡ, ಪ್ರಾಣಿ ಅನ್ನೋದೆಲ್ಲ ತಾನಾಗೇ ಬರುತ್ತೆ. ಈಚೆ ನಿತ್ಯಹರಿದ್ವರ್ಣ ಕಾಡು, ಮಧ್ಯೆ ಎಲೆ ಉದುರಿಸೋ ತೇಗ, ಮತ್ತಿ, ಆಮೇಲೆ ಜಾಲಿ, ಕುರುಚಲು. ಸಿಂಗಳೀಕ ನೆಲಕ್ಕಿಳಿಯೋದೇ ಅಪರೂಪ, ಅದಕ್ಕೆ ಕೊಂಬೆಗೆ ಕೊಂಬೆ ಕೂಡಿದ ಕಾಡು, ವರ್ಷಪೂರ್ತಿ ಹಣ್ಣು ಬೇಕು, ಹಾಗಾಗಿ ಶರಾವತಿ, ಅಘನಾಶಿನಿ ಕಡೆ. ಓಡೋಕೆ ಬಯಲು ಬೇಕಾದ ಕೃಷ್ಣಮೃಗ ರಾಣೆಬೆನ್ನೂರಲ್ಲಿ. ಕುದುರೆಮುಖದಲ್ಲಿ ಇನ್ನೊಂದು ಲೇಯರ್ ಸೇರಿಸ್ಕೊಳ್ಳಿ: ಮೇಲೆ ಹುಲ್ಲು, ಗಾಳಿಗೆ ಮರೆಯಾಗಿ ತೇವ ನಿಲ್ಲೋ ಕಣಿವೆಲಿ ಮಾತ್ರ ಶೋಲಾ ಕಾಡು (ಗಿಡ್ಡ ಮರಗಳ ದಟ್ಟ ಕಾಡು).

ಒಂದು ಟ್ರಿಕ್ಕಿ ಪ್ರಶ್ನೆ: ಚೆನ್ನೈಗೆ ಮಳೆ ಜಾಸ್ತಿ ಅಕ್ಟೋಬರ್‌ನಿಂದ ಡಿಸೆಂಬರ್‌ನಲ್ಲಿ ಯಾಕೆ? ಜೂನ್‌ನಲ್ಲಿ ಅದು ಘಟ್ಟದ ನೆರಳಲ್ಲಿರುತ್ತೆ, ಆಮೇಲೆ ಗಾಳಿ ದಿಕ್ಕು ಬದಲಾಗಿ ಬಂಗಾಳ ಕೊಲ್ಲಿಯಿಂದ ನೇರ ಬರುತ್ತೆ. ಮಳೆನೆರಳು ಯಾವ ಕಡೆ ಅಂತ ಬರೆಯೋ ಮುಂಚೆ ನಕ್ಷೆಲಿ ಗಾಳಿ ದಿಕ್ಕಿನ ಬಾಣ ಹಾಕ್ಕೊಳ್ಳಿ.