ಹಿಟ್ಟು ಹೊಸದು, ಜೋಳ ಹಳೆಯದು: ಕಾಫಿ ಹಸಿ ಬೀಜದ ವಯಸ್ಸು

2025ರ ಡಿಸೆಂಬರ್‌ನಲ್ಲಿ ಮೂರು ಸಲ ಕಾಫಿ ಹುರಿದೆ. ಮೂರು ಸಲವೂ ಚೆಲ್ಲಿದೆ. ವಿಜಯಪುರದ ನಮ್ಮ ಓಣಿಯಲ್ಲಿ ಎಲ್ಲರೂ ಚಹಾದವರು, ಕೇಳೋಣ ಅಂದರೆ ಯಾರೂ ಇಲ್ಲ. ಏಪ್ರಿಲ್‌ನಲ್ಲಿ ತರಿಸಿದ್ದ ಚಿಕ್ಕಮಗಳೂರಿನ ಅರೇಬಿಕಾ ಜಾತಿಯ ಹಸಿ (ಹುರಿಯದ) ಬೀಜದ ಕಾಫಿಯಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ಹುಳಿ ಇತ್ತು. ಡಿಸೆಂಬರ್‌ನಲ್ಲೂ ಅದೇ ಅಂಗಡಿ, ಅದೇ ತೋಟ, ಅದೇ ಬಾಣಲಿ. ರುಚಿ ಮಾತ್ರ ನೆನೆದ ರಟ್ಟಿನಂತೆ, ಹಿಂದೆ ಗೋಣಿ ಚೀಲದ ವಾಸನೆ. ಉರಿ ಕಡಿಮೆ ಮಾಡಿದೆ, ಜಾಸ್ತಿ ಮಾಡಿದೆ. ಏನೂ ಆಗಲಿಲ್ಲ. ತಪ್ಪು ಉರಿಯದ್ದಲ್ಲ, ಬೀಜದ ವಯಸ್ಸಿನದು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎರಡು ವಯಸ್ಸು

‘ಫ್ರೆಶ್ ಕಾಫಿ’ ಅಂದರೆ ಹುರಿದ ತಾರೀಕು ಅಂತಲೇ ಅಂದುಕೊಂಡಿದ್ದೆ. ಅದು ಅರ್ಧ ಲೆಕ್ಕ. ಹೋದ ವರ್ಷದ ಜೋಳವನ್ನು ನಿನ್ನೆ ಗಿರಣಿಗೆ ಹಾಕಿಸಿದರೆ ಹಿಟ್ಟು ಹೊಸದು, ಜೋಳ ಹಳೆಯದು. ಕಾಫಿಯೂ ಹಾಗೇ. ಹುರಿದ ಬೀಜದ ವಯಸ್ಸನ್ನು ವಾರಗಳಲ್ಲಿ ಎಣಿಸಬೇಕು. ಹಸಿ ಬೀಜದ ವಯಸ್ಸನ್ನು ತಿಂಗಳುಗಳಲ್ಲಿ.

ನಾನು ಎಡವಿದ ಜಾಗ: ಬೆಳೆ ವರ್ಷ

ಡಿಸೆಂಬರ್‌ನಲ್ಲಿ ಬಂದ ಚೀಲದ ಮೇಲೆ ‘ಬೆಳೆ ವರ್ಷ 2024-25’ ಅಂತ ಇತ್ತು. 25 ಅಂದರೆ ಇದೇ ವರ್ಷ ಅಲ್ವಾ ಅಂತ ಸುಮ್ನೆ ತಗೊಂಡೆ.

ನಮ್ಮ ದೇಶದಲ್ಲಿ ಕಾಫಿ ವರ್ಷ ಅಕ್ಟೋಬರ್‌ಗೆ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಅರೇಬಿಕಾ ಹಣ್ಣು ಕೀಳುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿವರೆಗೆ. ಇನ್ನೊಂದು ಜಾತಿ ರೋಬಸ್ಟಾ ಅದರ ಹಿಂದೆ, ಜನವರಿಯಿಂದ ಮಾರ್ಚ್‌ವರೆಗೆ. ನನಗೆ ನೆನಪಿಡಲು ಸುಲಭವಾದ ದಾರಿ ಇದು: ಎಳ್ಳ ಅಮಾವಾಸ್ಯೆಗೆ ನಾವು ಹೊಲದಲ್ಲಿ ಚರಗ ಚೆಲ್ಲುವಾಗ ಮಲೆನಾಡಲ್ಲಿ ಅರೇಬಿಕಾ ಕೊಯ್ಲು ಭರದಲ್ಲಿರುತ್ತದೆ. ಸಿದ್ಧೇಶ್ವರ ಜಾತ್ರೆ ಮುಗಿದು ಇಲ್ಲಿ ಬಿಳಿಜೋಳ ಕೊಯ್ಯುವಾಗ ಅಲ್ಲಿ ರೋಬಸ್ಟಾ.

ಈಗ ಲೆಕ್ಕ. 2024-25ರ ಅರೇಬಿಕಾ ಅಂದರೆ ಸುಮಾರು 2024ರ ಡಿಸೆಂಬರ್‌ನಲ್ಲಿ ಕಿತ್ತದ್ದು. 2025ರ ಏಪ್ರಿಲ್‌ಗೆ ಅದಕ್ಕೆ 4 ತಿಂಗಳು. 2025ರ ಡಿಸೆಂಬರ್‌ಗೆ 12. ಅಂದರೆ ನಾನು ಹೊಗಳಿದ ಚೀಲ, ಬೈದ ಚೀಲ, ಎರಡೂ ಒಂದೇ ಬೆಳೆ!

ಇನ್ನೂ ಒಂದು ಗಂಟು ಇತ್ತು. ಡಿಸೆಂಬರ್ ಕೊಯ್ಲಿನ ತಿಂಗಳಲ್ವಾ, ಹೊಸ ಬೀಜವೇ ಸಿಗಬೇಕಲ್ವಾ? ಸಿಗುವುದಿಲ್ಲ. ಕಿತ್ತ ಹಣ್ಣಿನ ಸಿಪ್ಪೆ ತೆಗೆಯಬೇಕು, ಒಣಗಿಸಬೇಕು, ತೊಗಟೆ ಸಮೇತ ಕೆಲವು ವಾರ ಇಡಬೇಕು. ಆಮೇಲೆ ಕ್ಯೂರಿಂಗ್ ಕಾರ್ಖಾನೆಯಲ್ಲಿ ತೊಗಟೆ ಬಿಡಿಸಿ, ಗಾತ್ರ ನೋಡಿ ವಿಂಗಡಿಸಬೇಕು. ಆತುರಪಟ್ಟು ಹುರಿದರೆ ಹಸಿ ಹುಲ್ಲಿನ ರುಚಿ ಬರುತ್ತದೆ. ಹಾಗಾಗಿ ತೋಟದಲ್ಲಿ ಹೊಸ ಹಣ್ಣು ಕೆಂಪಗೆ ತೂಗುವ ಹೊತ್ತಿನಲ್ಲೇ ಅಂಗಡಿಯ ಬೀಜ ಅತಿ ಹಳೆಯದಾಗಿರುತ್ತದೆ. ಇದು ತಲೆಗೆ ಹೋಗಲು ನನಗೆ ಮೂರು ಬಾಣಲಿ ಕಾಫಿ ಬೇಕಾಯಿತು.

ನನ್ನ ಅಡ್ಡದಾರಿ: ಬೆಳೆ ವರ್ಷದಲ್ಲಿ ಮೊದಲು ಬರುವ ಇಸವಿ ನೋಡಿ (2024-25 ಆದರೆ 2024), ಆ ವರ್ಷದ ಡಿಸೆಂಬರ್‌ನಿಂದ ತಿಂಗಳಿಗೊಂದು ಬೆರಳು ಮಡಚುತ್ತಾ ಬನ್ನಿ. ರೋಬಸ್ಟಾ ಆದರೆ ಎರಡು ತಿಂಗಳು ಕಳೆಯಿರಿ. ಎಂಟರೊಳಗೆ ಬಂದರೆ ಕಣ್ಣು ಮುಚ್ಚಿ ತಗೋತೇನೆ. ಹತ್ತು ದಾಟಿದರೆ ಕಾಲು ಕಿಲೋ ಮಾತ್ರ.

ಬ್ರೆಜಿಲ್ ಬೀಜಕ್ಕೆ ಈ ಲೆಕ್ಕ ನಡೆಯದು. ಅಲ್ಲಿ ಕೊಯ್ಲು ಮೇನಿಂದ ಸೆಪ್ಟೆಂಬರ್‌ವರೆಗೆ. ಇಥಿಯೋಪಿಯಾ ಹೆಚ್ಚುಕಡಿಮೆ ನಮ್ಮ ಹಾಗೇ. ಕೊಲಂಬಿಯಾದಲ್ಲಿ ವರ್ಷಕ್ಕೆ ಎರಡು ಕೊಯ್ಲು.

ಬೀಜದೊಳಗೆ ಏನಾಗುತ್ತದೆ

ಒಳ್ಳೆಯ ಹಸಿ ಬೀಜದಲ್ಲಿ ಶೇ. 10ರಿಂದ 12ರಷ್ಟು ತೇವ ಇರುತ್ತದೆ. ವಯಸ್ಸಾದಂತೆ ಅದು ಏರುಪೇರಾಗುತ್ತದೆ, ಒಳಗಿನ ಎಣ್ಣೆಯಂಶ ಗಾಳಿ ತಾಗಿ ಕೆಡುತ್ತದೆ. ಹುಳಿ, ಸಿಹಿ ಮಂಕಾಗಿ ಕಟ್ಟಿಗೆ, ಕಾಗದದ ರುಚಿ ಮುಂದೆ ಬರುತ್ತದೆ. ಹಸಿರು-ನೀಲಿ ಬಣ್ಣ ಹೋಗಿ ಬೀಜ ಹಳದಿ, ಬಿಳಿಚು ಆಗುತ್ತದೆ.

ಕಿವಿಗೂ ಗೊತ್ತಾಗುತ್ತದೆ. ಹುರಿಯುವಾಗಿನ ಮೊದಲ ಚಟಪಟ ಏಪ್ರಿಲ್‌ನಲ್ಲಿ ಪಕ್ಕದ ಕೋಣೆಗೂ ಕೇಳಿತ್ತು. ಡಿಸೆಂಬರ್‌ನಲ್ಲಿ ಬಗ್ಗಿ ಕೇಳಬೇಕಾಯಿತು. ಪಂಚಮಿಗೆ ಅಳ್ಳು ಹುರಿದವರಿಗೆ ಕಾರಣ ಹೇಳಬೇಕಿಲ್ಲ: ಒಳಗಿನ ತೇವ ಆವಿಯಾಗಿ ಒತ್ತಿದರೇ ಕಾಳು ಸಿಡಿಯುವುದು. ಅದಕ್ಕೇ ಜೋಳಕ್ಕೆ ನೀರು ಚಿಮುಕಿಸಿ ಇಡುತ್ತಾರೆ. ಕಾಫಿ ಬೀಜಕ್ಕೂ ಚಿಮುಕಿಸಿ ನೋಡಿದೆ. ಏನಾಯಿತು ಅಂತ ಕೇಳಬೇಡಿ.

ಇಡುವ ಜಾಗ

ಹನ್ನೆರಡು ತಿಂಗಳಿಗೆ ಎಲ್ಲ ಬೀಜವೂ ಹೀಗಾಗುವುದಿಲ್ಲ. ಒಳಗೆ ಪ್ಲಾಸ್ಟಿಕ್ ಪದರ ಇಲ್ಲದ ಬರೀ ಗೋಣಿ ಚೀಲದಲ್ಲಿ ಬೇಗ ಹಳತಾಗುತ್ತದೆ, ಗೋಣಿಯ ವಾಸನೆಯೂ ಹತ್ತುತ್ತದೆ. ಆಮೇಲೆ ಊರಿನ ಹವೆ. ನಮ್ಮ ಬಿಸಿಲಿಗೆ ಅಟ್ಟದ ಮೇಲಿಟ್ಟರೆ ಬೀಜ ಒಣಗಿ ಗರಿಗರಿ. ಬೆಳಗಾವಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಜುಲೈ ಜಡಿಮಳೆಗೆ ತೆರೆದಿಟ್ಟ ಬೀಜ ತೇವ ಕುಡಿದು ಬೂಸು ಹಿಡಿಯಿತು. ಈಗ ಇಬ್ಬರೂ ಗಾಳಿಯಾಡದ ದಪ್ಪ ಚೀಲದಲ್ಲಿ ಕಟ್ಟಿ ತಣ್ಣನೆ ಕತ್ತಲೆ ಮೂಲೆಯಲ್ಲಿಡುತ್ತೇವೆ.

ಹಾಗಾದರೆ ಮಾನ್ಸೂನ್ಡ್ ಮಲಬಾರ್ ಅನ್ನುವ ಕಾಫಿ? ಅದನ್ನು ಬೇಕಂತಲೇ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಮಳೆಗಾಳಿಗೆ ಹರಡಿ, ಆಗಾಗ ಕೆದಕಿ, ಬೀಜ ಉಬ್ಬಿ ಹಳದಿಯಾಗುವವರೆಗೆ ಬಿಡುತ್ತಾರೆ. ಹುಳಿ ಇಳಿದು ಮಣ್ಣಿನ ಗಂಧದ, ಮಂದವಾದ ಕಾಫಿ ಆಗುತ್ತದೆ. ಅಕ್ಕ ತನ್ನ ಬೂಸು ಬೀಜಕ್ಕೂ ಅದೇ ಹೆಸರು ಇಟ್ಟಳು. ನನ್ನ ಡಿಸೆಂಬರ್ ಚೀಲದಲ್ಲಿ ಇನ್ನೂ ಅರ್ಧ ಕಿಲೋ ಇದೆ. ಕಪ್ಪಗೆ ಹುರಿದು, ಚಿಕೋರಿ ಬೆರೆಸಿ, ಗಟ್ಟಿ ಹಾಲು ಹಾಕಿ ಕೊಟ್ಟರೆ ಮನೆಯವರು ಏನೂ ಅನ್ನದೆ ಕುಡಿಯುತ್ತಿದ್ದಾರೆ.